ಬೇರೆ ಲೋಟ

ನನ್ನ ಗಂಡನಿಗೆ ಕಾಮಾಲೆ ಬಂದಿದೆ ಎಂದು ಹೂಟಗಳ್ಳಿಯ ನಮ್ಮ ಬೀದಿಗೆಲ್ಲ ಸಾರಿದವರು ನಮ್ಮತ್ತೆ ಬೆಟ್ಟಮ್ಮ. ಕಾಮಾಲೆಯೂ ಇಲ್ಲ, ಮಣ್ಣೂ ಇಲ್ಲ. ಅದೇ ಬಂದಿದ್ದರೆ ಎಷ್ಟೋ ವಾಸಿಯಿತ್ತು ಎಂದು ನನಗೇ ಅನ್ನಿಸಿದ್ದುಂಟು.

ಇವರು, ರಾಜೇಶ್, ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ವಾಚಾಳಿ ಮನುಷ್ಯ. ಕೊತ್ತಂಬರಿ ಸೊಪ್ಪು ತರಲು ಹೋದರೆ ಗಾಡಿಯವನ ಮಗಳ ಮದುವೆ ಸುದ್ದಿಯನ್ನೂ ಕೇಳಿಕೊಂಡು ಬರುವವರು. ಈ ಬೇಸಿಗೆಯಲ್ಲಿ ಆ ಬಾಯಿ ನಿಂತುಹೋಯಿತು. ನಿದ್ದೆ ಇಲ್ಲ, ಊಟ ಸೇರದು, ಸ್ನಾನಕ್ಕೂ ನಾನೇ ಎಬ್ಬಿಸಬೇಕು. ಒಂದು ಬೆಳಿಗ್ಗೆ ಯೂನಿಫಾರಂ ತೊಟ್ಟು, ಶೂ ಹಾಕಿಕೊಳ್ಳಲು ಬಾಗಿಲ ಹತ್ತಿರ ಕೂತವರು ಏಳಲೇ ಇಲ್ಲ. ಕಂಪನಿ ಬಸ್ಸು ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು.

"ಏನಾಯ್ತ್ರೀ?" ಅಂದೆ.

"ಗೊತ್ತಾಗ್ತಿಲ್ಲ ಮಧು. ನಾನಿಲ್ದಿದ್ರೆ ನೀವೆಲ್ಲ ಆರಾಮಾಗಿರ್ತೀರೇನೋ."

ಆವತ್ತೇ ಆಟೋ ಹತ್ತಿಸಿ ಕೃಷ್ಣಮೂರ್ತಿಪುರಂನ ಮನೋವೈದ್ಯರ ಹತ್ತಿರ ಕರೆದೊಯ್ದೆ. ಆಯಮ್ಮ ಸುತ್ತುಬಳಸದೆ, "ಸಾಯ್ಬೇಕು ಅನ್ನಿಸುತ್ತಾ?" ಎಂದು ಕೇಳಿದರು. ಇವರು ತಲೆ ತಗ್ಗಿಸಿ, "ಒಂದೊಂದ್ಸಲ" ಅಂದರು. ಡಾಕ್ಟರು ಗಾಬರಿಯಾಗಲಿಲ್ಲ. "ಇದು ಖಿನ್ನತೆ. ವಾಸಿಯಾಗುತ್ತೆ. ಮಾತ್ರೆ ತಪ್ಪಿಸ್ಬೇಡಿ. ಒಬ್ರನ್ನೇ ಬಿಡ್ಬೇಡಿ. ಜನರ ಜೊತೆ ಕೂರಿಸಿ, ಜೊತೇಲೇ ಊಟ ಮಾಡಿ" ಎಂದು ನನಗೆ ಹೇಳಿದರು.

ಮನೆಗೆ ಬಂದರೆ ಅತ್ತೆ ಹಣೆ ಚಚ್ಚಿಕೊಂಡರು. "ತಲೆ ಡಾಕ್ಟ್ರ ತಾವ್ಕೋಗಿದ್ರಾ? ಯಾರಾದ್ರೂ ನೋಡುದ್ರಾ? ಗಗನಂಗೆ ಗಂಡು ನೋಡ್ತಾ ಇದೀವಿ. ಅಣ್ಣಂಗೆ ಹಿಂಗೆ ಅಂತ ಗೊತ್ತಾದ್ರೆ ಯಾವನಮ್ಮ ಬತ್ತಾನೆ?"

ಗಗನ ನನ್ನ ನಾದಿನಿ. ಅವಳಿಗೆ ಈ ತಕರಾರು ಯಾವುದೂ ಇರಲಿಲ್ಲ, ಆದರೆ ಅವಳ ಮಾತನ್ನು ಕೇಳುವವರು ಯಾರು? ಸಂಜೆ ಪಕ್ಕದ ಮನೆ ಮುದ್ದಮ್ಮ ಕಾಂಪೌಂಡಿನಾಚೆಯಿಂದ, "ಯಾಕೆ ರಾಜೇಶ ಕೆಲ್ಸಕ್ಕೆ ಹೋಗ್ನಿಲ್ಲ?" ಎಂದು ಕೇಳಿದ್ದೇ ತಡ, ಅತ್ತೆ ಕಣ್ಣು ಮಿಟುಕಿಸದೆ, "ಜಾಂಡೀಸ್ ಬಂದ್ಬುಟ್ಟದೆ ಕಣವ್ವ" ಅಂದುಬಿಟ್ಟರು.

ಸುಳ್ಳು ಹೇಳಿದರೆ ಮುಗಿಯಿತೇ? ಅದನ್ನು ಸಾಕಬೇಕಲ್ಲ! ಕಾಮಾಲೆ ಅಂದ ಮೇಲೆ ಪಥ್ಯ. ಎಣ್ಣೆ ಬಂದ್, ಖಾರ ಬಂದ್, ಮಟನ್ ಎಂಬ ಮಾತೇ ಬಂದ್. ಮುದ್ದಮ್ಮ ಪಾಪ, ದಿನಾ ಬೆಳಿಗ್ಗೆ ನೆಲನೆಲ್ಲಿ ಅರೆದು ರಸ ತಂದು ಗೇಟಿನ ಮೇಲಿಟ್ಟು ಹೋಗುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಅಂಟುತ್ತದೆ ಎಂಬ ಭಯ. ನಾನು ಅದನ್ನು ಚರಂಡಿಗೆ ಸುರಿಯುತ್ತಿದ್ದೆ. ಶಿಫ್ಟಿನ ಗೆಳೆಯರೂ ಫೋನಿನಲ್ಲೇ ವಿಚಾರಿಸಿ ಸುಮ್ಮನಾದರು. ಬಂದವರಿಗೆ ಕಾಣಲಿ ಎಂದು ಅತ್ತೆ ಇವರಿಗೊಂದು ಬೇರೆ ತಟ್ಟೆ, ಬೇರೆ ಲೋಟ ಮಾಡಿದರು. ಲೋಟದ ಗುರುತಿಗೆ ಗಗನಳ ನೇಲ್ ಪಾಲಿಶಿನಿಂದ ಒಂದು ಕೆಂಪು ಬೊಟ್ಟು.

"ಡಾಕ್ಟ್ರು ಜನರ ಜೊತೆ ಕೂರ್ಸಿ ಅಂದ್ರು. ನೀವು ಬರೋರನ್ನೂ ಓಡಿಸ್ತಿದ್ದೀರಲ್ಲ ಅತ್ತೆ!" ಎಂದು ರೇಗಿದೆ.

"ಗಗನಂದು ಒಂದಾಗ್ಲಿ ಸುಮ್ನಿರು. ಆಮೇಲೆ ನೀನೇ ತಮಟೆ ಹೊಡ್ಸುವಂತೆ."

"ಅಷ್ಟೊತ್ತಿಗೆ ನಿಮ್ಮ ಮಗ ಇರ್ಬೇಕಲ್ಲ!"

ನನ್ನ ಬಾಯೇ ಹಾಗೆ, ಬಂದದ್ದು ಬಂದುಬಿಡುತ್ತದೆ. ಅತ್ತೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದರು.

ಮಾತ್ರೆ ಹಿಡಿಯತೊಡಗಿತ್ತು. ಇವರಿಗೆ ನಿದ್ದೆ ಬರುತ್ತಿತ್ತು, ತಾವೇ ಎದ್ದು ಸ್ನಾನ ಮಾಡುತ್ತಿದ್ದರು. ಆದರೆ ಒಂದು ಮಧ್ಯಾಹ್ನ ನಮ್ಮ ಪುಟ್ಟ ಮಗಳು ಸಿಂಚನ ಅಪ್ಪನ ಲೋಟಕ್ಕೆ ಕೈ ಹಾಕಿದಾಗ ಇವರು ಅದನ್ನು ಸರಕ್ಕನೆ ಆಚೆ ಸರಿಸಿ, "ಬೇಡ ಕಂದ, ಅಪ್ಪಂದು ಅಂಟುತ್ತೆ" ಅಂದರು.

"ನಿಮ್ಗೆ ಕಾಮಾಲೆ ಇಲ್ಲ ಕಣ್ರೀ!" ಎಂದು ಕೂಗಿದೆ.

"ಗೊತ್ತು ಮಧು. ಆದ್ರೂ..."

ಆ 'ಆದ್ರೂ' ಬಾಗಿಲ ಬಳಿ ನಿಂತಿದ್ದ ಅತ್ತೆಗೂ ಕೇಳಿಸಿತ್ತು.

ಅದೇ ವಾರ ಅತ್ತೆಯ ಅಣ್ಣ ನಿಂಗಯ್ಯನವರ ಮಗನ ಮದುವೆ, ಮಾರನೇ ದಿನ ಬೀಗರೂಟ. ನಮ್ಮ ಕಡೆ ಧಾರೆಗೆ ತಪ್ಪಿಸಿಕೊಂಡರೂ ಕ್ಷಮೆಯುಂಟು, ಬೀಗರೂಟದ ಮಟನ್ ಸಾರಿಗೆ ತಪ್ಪಿಸಿಕೊಂಡರೆ ಇಲ್ಲ. ಗಗನಳನ್ನು ನೋಡಿಕೊಂಡು ಹೋಗಿದ್ದ ಗಂಡಿನ ಕಡೆಯವರೂ ಬಂದಿದ್ದರು. ಅತ್ತೆ ಬ್ಯಾಗಿನಿಂದ ಕೆಂಪು ಬೊಟ್ಟಿನ ಲೋಟ ತೆಗೆದು, ಇವರನ್ನು ಸಾಲಿನ ಕೊನೆಗೆ ಕೂರಿಸಿದರು. ಪಕ್ಕದ ಎಲೆ ಖಾಲಿ. ಎಲ್ಲರ ಎಲೆಗೂ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಇವರ ಎಲೆಗೆ ಮೊಸರನ್ನ. ನಾನು ಎದುರು ಸಾಲಿನಲ್ಲಿ ಕೂತಿದ್ದೆ.

ನಿಂಗಯ್ಯ ಮಾವ ಸಾಲು ವಿಚಾರಿಸಿಕೊಂಡು ಬಂದರು. ಮೈಕೇ ಬೇಡದ ಗಂಟಲು ಅವರದು. "ಏನ್ಲಾ ರಾಜೇಶ, ಇನ್ನೂ ಹೋಗ್ನಿಲ್ವಾ ಜಾಂಡೀಸು?"

ಇವರು ಮೊಸರನ್ನದಿಂದ ಕೈ ತೆಗೆದರು. ಪಕ್ಕದ ಖಾಲಿ ಎಲೆಯನ್ನು ನೋಡಿದರು.

"ನಂಗೆ ಜಾಂಡೀಸ್ ಬಂದೇ ಇಲ್ಲ ಮಾವ. ಮನಸ್ಸಿಗೆ ಹುಷಾರಿರ್ನಿಲ್ಲ. ಬದುಕೋದೇ ಬೇಡ ಅನ್ನಿಸ್ಬುಟ್ಟಿತ್ತು. ಡಾಕ್ಟ್ರು ಮಾತ್ರೆ ಕೊಟ್ಟವ್ರೆ, ತಗೋತಾ ಇವ್ನಿ."

ಗಂಡಿನ ಕಡೆಯ ಹೆಂಗಸು ಮೂಳೆ ಚೀಪುವುದನ್ನು ನಿಲ್ಲಿಸಿ ಗಗನಳನ್ನು ನೋಡಿದಳು. ನಿಂಗಯ್ಯ ಮಾವ ಗಂಟಲು ತಗ್ಗಿಸಿ ತಂಗಿಯನ್ನು ಕೇಳಿದರು: "ಬೆಟ್ಟಮ್ಮ, ಅದೂ ಅಂಟ್ತದಾ?"

ಎಂಜಲು ಕೈಯಲ್ಲೇ ಎದ್ದುನಿಂತೆ. ಆ ಮುದುಕನಿಗೆ ಹಿಗ್ಗಾಮುಗ್ಗಾ ಬೈಯಬೇಕು ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ಬಂದು ಮಗನ ಪಕ್ಕದ ಖಾಲಿ ಜಾಗದಲ್ಲಿ ಕೂತರು. ಇವರು ಅರ್ಧ ಕುಡಿದಿಟ್ಟಿದ್ದ ಕೆಂಪು ಬೊಟ್ಟಿನ ಲೋಟವನ್ನು ತೆಗೆದುಕೊಂಡು, ತುಟಿಗೆ ಹಚ್ಚಿ, ಗಟಗಟನೆ ಕುಡಿದರು. ನೀರು ಸೀರೆಯ ಮೇಲೂ ಚೆಲ್ಲಿತು.

"ಅಂಟಾಕಿಲ್ಲ ಕಣಣ್ಣ. ಜಾಂಡೀಸ್ ಅಂದಿದ್ದು ನಾನೇ, ಸುಳ್ಳು. ನನ್ ಮಗಂಗೆ ಸಾರು ಬುಡಕ್ಕೇಳು" ಅಂದರು. ಗಂಡಿನ ಕಡೆಯವರತ್ತ ಅವರು ತಿರುಗಿಯೂ ನೋಡಲಿಲ್ಲ.

ನಾನು ಮತ್ತೆ ಎಲೆಯ ಮುಂದೆ ಕೂತೆ. ಮಾವ ಬಕೆಟ್ ಹಿಡಿದವನನ್ನು ಕೂಗಿ ಕರೆದರು. ಸಾರು ಬಂತು, ಮುದ್ದೆ ಬಂತು. ಇವರು ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ಲೋಟದ ಕಡೆ ನೋಡಿದರು. ಆಮೇಲೆ, ಬೇಸಿಗೆಯಿಂದ ನಾನು ಕೇಳದಿದ್ದ ದನಿಯಲ್ಲಿ ಹೇಳಿದರು:

"ಅವ್ವ, ಇರೋ ನೀರ್ನೆಲ್ಲ ನೀನೇ ಕುಡ್ಕೊಬುಟ್ಯಲ್ಲ. ಖಾರ ಹತ್ತುದ್ರೆ ನಾನೇನ್ಮಾಡ್ಲಿ?"