ಪಪ್ಪನ ಪಾಲಿನ ಚೀಲ

ನಾನು ಒಂದು ತಾಂಬೂಲದ ಚೀಲ. ಒಂದು ಮದುವೆಗೋಸ್ಕರ ಹಾಸನದಲ್ಲಿ ಹುಟ್ಟಿದೆ. ಜಯಶೀಲಮ್ಮ ಅನ್ನುವ ಟೈಲರ್ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕಿತ್ತಳೆ ಬಣ್ಣದ ಬಟ್ಟೆಯ ದೊಡ್ಡ ಉರುಳೆ ಬಿಚ್ಚಿ, ಒಂದೇ ಅಳತೆಗೆ ಕತ್ತರಿಸಿ, ಎರಡು ವಾರದಲ್ಲಿ ನನ್ನನ್ನೂ ನನ್ನ ಐನೂರು ಅಕ್ಕತಂಗಿಯರನ್ನೂ ಹೊಲಿದಳು. ಆಮೇಲೆ ನಮ್ಮನ್ನೆಲ್ಲ ಪ್ರಿಂಟಿಂಗ್ ಅಂಗಡಿಗೆ ಒಯ್ದರು. ಅಲ್ಲಿ ನನ್ನ ಹೊಟ್ಟೆಯ ಮೇಲೆ ಕೆಂಪು ಅಕ್ಷರ ಬಿತ್ತು: ಸುಚೇತಾ – ಮಧುಕೇಶ, ಶುಭವಿವಾಹ. ಬಣ್ಣ ಹಸಿಯಾಗಿದ್ದಾಗ ನನಗೆ ಎಷ್ಟು ಜಂಭ ಅಂತೀರಿ! ಒಂದು ತೆಂಗಿನಕಾಯಿ, ಎರಡು ಎಲೆ, ಒಂದು ಅಡಿಕೆ ಹೊತ್ತು ಯಾರದೋ ಕೈಹಿಡಿದು ಬಸ್ಸಿನಲ್ಲಿ ಊರೂರು ತಿರುಗುತ್ತೇನೆ ಅಂದುಕೊಂಡಿದ್ದೆ.

ಆದರೆ ಮದುವೆಗೆ ಅಂದುಕೊಂಡಷ್ಟು ಜನ ಬರಲಿಲ್ಲ. ಉಳಿದ ಚೀಲಗಳಲ್ಲಿ ನಾನೂ ಒಬ್ಬಳಾದೆ. ಮದುಮಗಳ ತಾಯಿ ಸರ್ವಮಂಗಳಮ್ಮ ನಮ್ಮನ್ನು ಕಟ್ಟುಕಟ್ಟಿ ಅಟ್ಟದ ಮೇಲೆ ಹಾಕಿದರು. ಅಲ್ಲೇ ಆರು ವರ್ಷ ಕಳೆದವು. ಕೆಳಗೆ ಒಂದು ಮಗು ಹುಟ್ಟಿ ಅತ್ತದ್ದು ಕೇಳಿಸಿತು. ಜಗಳ ಕೇಳಿಸಿತು. ಒಂದು ದಿನ ಸೂಟ್‌ಕೇಸಿನ ಚಕ್ರ ಹೊಸ್ತಿಲು ದಾಟಿದ್ದೂ ಕೇಳಿಸಿತು. ಮಧುಕೇಶ ಬಳ್ಳಾರಿಗೆ ಹೋದ. ಮೊದಲು ಕೆಲಸಕ್ಕೆ ಅಂದರು. ಆಮೇಲೆ ಯಾರೂ ಏನೂ ಅನ್ನಲಿಲ್ಲ.

ನನ್ನನ್ನು ಕೆಳಗಿಳಿಸಿದ್ದು ಒಂದು ಅಕ್ಟೋಬರ್ ಬೆಳಿಗ್ಗೆ, ಸ್ಕೂಲ್ ವ್ಯಾನ್ ಬಂದು ಹಾರನ್ ಹೊಡೆಯುತ್ತಿದ್ದ ಹೊತ್ತಿನಲ್ಲಿ.

"ಅಮ್ಮಾ, ಹ್ಯಾಲೋವೀನ್‌ಗೆ ಆರೆಂಜ್ ಬ್ಯಾಗ್ ಬೇಕು. ಮಿಸ್ ಹೇಳಿದ್ರು. ಇವತ್ತೇ ಲಾಸ್ಟ್" ಎಂದು ನಾಲ್ಕು ವರ್ಷದ ಹಂಸಿನಿ ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಅಳುತ್ತಿದ್ದಳು.

"ಅದೇನು ಹಬ್ಬಾನೇ ಅದು?" ಸರ್ವಮಂಗಳಮ್ಮ ಅಡುಗೆಮನೆಯಿಂದಲೇ ಕೇಳಿದರು.

"ದೆವ್ವದ ಹಬ್ಬ ಅಜ್ಜಿ. ಎಲ್ಲಾರ ಮನೆಗೂ ಹೋಗ್ಬೇಕು. ಅವ್ರು ಚಾಕ್ಲೇಟ್ ಕೊಡ್ತಾರೆ."

"ಚೆನ್ನಾಗಿದೆ. ಬಾಗ್ಲು ಬಾಗ್ಲಿಗೆ ಹೋಗಿ ಬೇಡೋದು ಕಲಿಸೋಕೆ ಫೀಸು ಬೇರೆ ಕೇಡು."

ಸುಚೇತಾ ಅಟ್ಟಕ್ಕೆ ಕೈಹಾಕಿ ನನ್ನನ್ನು ಎಳೆದಳು. ಮನೆಯಲ್ಲಿ ಕಿತ್ತಳೆ ಬಣ್ಣದ್ದು ಅಂತ ಇದ್ದದ್ದು ನಾವು ಮಾತ್ರ. ಅಕ್ಷರದ ಮೇಲೆ ಅವಳ ಕಣ್ಣು ಬಿತ್ತು. ತಟ್ಟನೆ ನನ್ನನ್ನು ಒಳಹೊರಗು ಮಾಡಿ ಮಗುವಿನ ಕೈಗಿಟ್ಟಳು. ಹಾಗೆ ಇಬ್ಬರ ಹೆಸರೂ ನನ್ನ ಹೊಟ್ಟೆಯೊಳಗೆ ಸೇರಿತು.

ಆ ದಿನ ಶಾಲೆಯಲ್ಲಿ ನನಗೆ ಮುಖ ಬಂತು. ಹದಿನೆಂಟು ಮಕ್ಕಳು ನೆಲದ ಮೇಲೆ ಕೂತಿದ್ದರು. ಫರ್ಹಾನಾ ಮಿಸ್ ಕಪ್ಪು ಕಾಗದದಲ್ಲಿ ಕಣ್ಣು, ಮೂಗು, ಹಲ್ಲು ಕತ್ತರಿಸಿ ಹಂಚಿದರು. ಅಂಟು ಚೀಲಕ್ಕಿಂತ ಹೆಚ್ಚು ಕೂದಲಿಗೆ ಹತ್ತಿತ್ತು.

"ಮಿಸ್, ಮೌನೀಶ ಮೂಗು ತಿಂದ!"

"ಯಾರ ಮೂಗೋ?"

"ಚೀಲದ್ದು ಮಿಸ್!"

ಹಂಸಿನಿ ಮಾತ್ರ ನಾಲಿಗೆ ಹೊರಗೆ ಹಾಕಿಕೊಂಡು, ಉಸಿರು ಬಿಗಿಹಿಡಿದು ನನ್ನ ಹಲ್ಲುಗಳನ್ನು ಒಂದೊಂದಾಗಿ ಒತ್ತುತ್ತಿದ್ದಳು. ಒಂದು ಕಣ್ಣು ಮೇಲೆ, ಇನ್ನೊಂದು ಕೆನ್ನೆಯ ಹತ್ತಿರ. ಇರಲಿ, ಆ ಪುಟ್ಟ ಬೆರಳುಗಳು ಒತ್ತಿದಾಗ ನನಗೆ ಎರಡನೇ ಸಲ ಹುಟ್ಟಿದ ಹಾಗಾಯಿತು. ಆಮೇಲೆ ಅವಳು ಒಳಗೆ ಇಣುಕಿದಳು.

"ಮಿಸ್, ಒಳಗಡೆ ಏನೋ ಬರ್ದಿದೆ."

ಫರ್ಹಾನಾ ಮಿಸ್ ಆ ಶಾಲೆಗೆ ಹೊಸಬರು. ಅವರಿಗೆ ಇವರ ಮನೆಯ ವಿಷಯ ಗೊತ್ತಿರಲಿಲ್ಲ. ಬಗ್ಗಿ ಓದಿಯೇಬಿಟ್ಟರು. "ಸುಚೇತಾ, ಮಧುಕೇಶ. ಅರೆ, ನಿಮ್ಮಮ್ಮ ಅಪ್ಪನ ಹೆಸ್ರು ಕಣೇ ಚಿನ್ನಾ! ಅವ್ರ ಮದ್ವೆ ಚೀಲ ಇದು."

"ಪಪ್ಪನ ಹೆಸ್ರಾ? ಇದ್ರೊಳಗಾ?"

"ಹ್ಞೂಂ ಮತ್ತೆ."

ಹಂಸಿನಿ ಬಹಳ ಹೊತ್ತು ಯೋಚಿಸಿದಳು. ಅವಳ ಟಿಫಿನ್ ಡಬ್ಬಿಯ ಮೇಲೆ ಅವಳ ಹೆಸರಿತ್ತು, ಹಾಗಾಗಿ ಅದರಲ್ಲಿದ್ದದ್ದೆಲ್ಲ ಅವಳದು. ಮೌನೀಶನ ಬಾಟಲಿಯ ಮೇಲೆ ಮೌನೀಶನ ಹೆಸರಿತ್ತು, ಅದರ ನೀರನ್ನು ಬೇರೆಯವರು ಕುಡಿಯುವ ಹಾಗಿಲ್ಲ. ಅದು ಆ ಕ್ಲಾಸಿನ ಕಾನೂನು. ಅಮ್ಮನ ಹೆಸರೂ ಇತ್ತು, ಆದರೆ ಅಮ್ಮ ಮನೆಯಲ್ಲೇ ಇದ್ದಾಳಲ್ಲ; ಹಾಗಾದರೆ ಈ ಚೀಲದೊಳಗೆ ಬೀಳುವುದೆಲ್ಲ ಪಪ್ಪನದು. ನಾಲ್ಕು ವರ್ಷದ ತಲೆಗೆ ಇದರಲ್ಲಿ ಯಾವ ತಪ್ಪೂ ಕಾಣಲಿಲ್ಲ.

ಅವತ್ತು ಸಂಜೆ ಮಧುಕೇಶ ಅಪರೂಪಕ್ಕೆ ಫೋನ್ ಮಾಡಿದ. ಮಗು ಒಂದೇ ಉಸಿರಿಗೆ ಹೇಳಿತು. "ಪಪ್ಪಾ, ಶುಕ್ರವಾರ ಚಾಕ್ಲೇಟ್ ಎಲ್ಲಾ ನಿಂಗೇ. ನಿನ್ ಹೆಸ್ರಿದೆ."

"ಹೌದಾ ಪುಟ್ಟಾ? ಹಂಗಾದ್ರೆ ಶನಿವಾರ ಬಂದ್ಬಿಡ್ತೀನಿ. ನೀನೇ ತಿಂದ್ ಖಾಲಿ ಮಾಡ್ಬೇಡ ಮತ್ತೆ!" ಎಂದು ಅವನು ನಕ್ಕ. ಫೋನಿಟ್ಟ ಮೇಲೆ ಅವನಿಗೆ ಆ ಮಾತು ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲಿ ಮಾತ್ರ ಅದು ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು.

ಶುಕ್ರವಾರ ಮಕ್ಕಳು ಶಾಲೆಯ ಬೀದಿಯಲ್ಲಿ ಹತ್ತು ಮನೆ ಸುತ್ತಿದರು. ಒಬ್ಬರು ಚಾಕ್ಲೇಟ್ ಹಾಕಿದರು, ಒಬ್ಬರು ಕಡ್ಲೆಮಿಠಾಯಿ. ಹ್ಯಾಲೋವೀನ್ ಏನೆಂದು ಗೊತ್ತಿಲ್ಲದ ಒಬ್ಬ ಅಜ್ಜಿ, "ಹೆಣ್ಮಗು ಬಾಗ್ಲಿಗೆ ಬಂದಿದೆ, ಬರಿಗೈಲಿ ಕಳ್ಸೋದಾ?" ಎಂದು ಎರಡು ಬಾಳೆಹಣ್ಣು ಹಾಕಿ, ದೆವ್ವದ ವೇಷದ ಹಣೆಗೆ ಕುಂಕುಮವಿಟ್ಟರು. ಉಳಿದ ಮಕ್ಕಳು ದಾರಿಯಲ್ಲೇ ತಿಂದು ಮುಗಿಸಿದರು. ಹಂಸಿನಿ ಒಂದನ್ನೂ ಮುಟ್ಟಲಿಲ್ಲ.

"ಒಂದು ತಿನ್ನೇ" ಎಂದ ಮೌನೀಶ.

"ಇದು ನಂದಲ್ಲ, ಪಪ್ಪಂದು."

ಶನಿವಾರ ಬೆಳಿಗ್ಗೆ ಅವಳು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಗೇಟಿನ ಮೆಟ್ಟಿಲ ಮೇಲೆ ಕೂತಳು. ಊಟವೂ ಅಲ್ಲೇ ಆಯಿತು. ಆಟೋ ನಿಂತರೆ ಎದ್ದು ನಿಲ್ಲುತ್ತಿದ್ದಳು, ಹೋದರೆ ಕೂರುತ್ತಿದ್ದಳು. ಬಿಸಿಲಿಗೆ ನನ್ನೊಳಗಿನ ಚಾಕ್ಲೇಟ್ ಮೆತ್ತಗಾಯಿತು. ಮಧ್ಯಾಹ್ನ ಮೂರಕ್ಕೆ ಸುಚೇತಾಳ ಫೋನಿಗೆ ಮೆಸೇಜು ಬಂತು: ಈ ವಾರ ಆಗಲ್ಲ, ಮುಂದಿನ ವಾರ ನೋಡೋಣ.

ಮುಂದಿನ ವಾರವೂ ಬರಲಿಲ್ಲ. ಅದರ ಮುಂದಿನ ವಾರವೂ.

ನನ್ನನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಬಾಳೆಹಣ್ಣು ಕಪ್ಪಾಗಿ ನೀರು ಬಿಟ್ಟಿತು. ಇರುವೆ ಬಂತು. "ಎಸೀರೇ ಅದನ್ನ, ಮನೆ ತುಂಬಾ ನಾತ" ಎಂದು ಸರ್ವಮಂಗಳಮ್ಮ ಕೈಹಾಕಿದಾಗ ಮಗು ಉಸಿರು ಕಟ್ಟುವ ಹಾಗೆ ಕಿರುಚಿತು. ಅವತ್ತಿನಿಂದ ಯಾರೂ ಅವಳೆದುರಿಗೆ ನನ್ನನ್ನು ಮುಟ್ಟಲಿಲ್ಲ.

ಅವಳಿಲ್ಲದಾಗ ಮುಟ್ಟಿದರು. ಮಗು ಶಾಲೆಗೆ ಹೋದ ಮೇಲೆ ಸುಚೇತಾ ನನ್ನನ್ನು ಇಳಿಸಿ, ಕೊಳೆತದ್ದನ್ನೆಲ್ಲ ಸುರಿದು, ಮುಖ ಕಿತ್ತು ಬರದ ಹಾಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಅದೇ ಬಣ್ಣದ ಕಾಗದದ ಅವೇ ಚಾಕ್ಲೇಟುಗಳನ್ನು ಅಂಗಡಿಯಿಂದ ತಂದು ತುಂಬಿದಳು. ಎರಡು ಹೊಸ ಬಾಳೆಹಣ್ಣನ್ನೂ ಇಟ್ಟಳು. ಬರದವನ ಪಾಲನ್ನು ಅವಳು ತಿಂಗಳುಗಟ್ಟಲೆ ತಾಜಾ ಇಟ್ಟಳು. ತಾಯಿಗೂ ಚೀಲಕ್ಕೂ ಮಾತ್ರ ಗೊತ್ತಿದ್ದ ಸುಳ್ಳು ಅದು. ನಾನು ಅದರ ಭಾರಕ್ಕೆ ಜಗ್ಗಿದೆ.

ಒಂದು ಮಧ್ಯಾಹ್ನ ಅವಳು ನನ್ನ ಪಕ್ಕದಲ್ಲೇ ನಿಂತು ಅವನಿಗೆ ಫೋನ್ ಮಾಡಿದಳು. "ನನಗೋಸ್ಕರ ಬರ್ಬೇಡಿ. ಒಂದು ಹತ್ತು ನಿಮಿಷ ಬಂದು ಆ ಚೀಲ ತಗೊಂಡ್ ಹೋಗಿ. ಇಲ್ಲಾಂದ್ರೆ ಬರಲ್ಲ ಅಂತ ಅವಳಿಗೆ ನೀವೇ ಹೇಳಿ. ನನ್ ಕೈಲಿ ಆಗ್ತಿಲ್ಲ."

ಆಚೆಯಿಂದ ಅವನ ದನಿ ಸಣ್ಣಗೆ ಕೇಳಿಸಿತು. "ಮಕ್ಳು ಕಣೇ. ನಾಲ್ಕು ದಿನ ಆದ್ರೆ ಮರ್ತುಬಿಡ್ತಾರೆ."

ಮಗು ಮರೆಯಲಿಲ್ಲ. ಹೊರಗೆ ಹೋಗುವಾಗೆಲ್ಲ ಒಮ್ಮೆ ನನ್ನ ತಳ ಮುಟ್ಟಿ ನೋಡುತ್ತಿದ್ದಳು, ಇದೆಯಾ ಅಂತ. ಆಮೇಲೆ ಯಾವಾಗಲೋ ಒಂದು ದಿನ ಮುಟ್ಟದೆ ಹೋದಳು. ಮರುದಿನವೂ ಮುಟ್ಟಲಿಲ್ಲ. ಅವಳಿಗೆ ಹೇಳುವವರು ಯಾರೂ ಇರಲಿಲ್ಲ, ಅವಳೇ ತಿಳಿದುಕೊಂಡಿದ್ದಳು.

ಮತ್ತೆ ಅಕ್ಟೋಬರ್ ಬಂತು. ಶಾಲೆಯಿಂದ ಮತ್ತೆ ಚೀಟಿ ಬಂತು. ಈ ಸಲ ಸರ್ವಮಂಗಳಮ್ಮನೇ ಬೈಯದೆ ಅಟ್ಟದ ಕಟ್ಟು ಬಿಚ್ಚಿ ನನ್ನ ತಂಗಿಯೊಬ್ಬಳನ್ನು ಇಳಿಸಿದರು. "ತಗೋ ಕಂದಾ, ಹೊಸಾದು. ದೆವ್ವದ ಮುಖ ಚೆನ್ನಾಗಿ ಮಾಡ್ಕೊಂಡ್ ಬಾ."

ಹಂಸಿನಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಅಗಲಿಸಿ, ಅಳತೆ ನೋಡಿದಳು.

"ಇಷ್ಟ್ ದೊಡ್ಡದು ಬೇಡ ಅಜ್ಜಿ. ಚಿಕ್ಕದು ಸಾಕು. ಈ ಸಲ ನಂಗೊಬ್ಳಿಗೇ."

ಅಳಲಿಲ್ಲ ಅವಳು. ಪೆನ್ಸಿಲ್ ಚಿಕ್ಕದು ಕೊಡಿ ಅಂದ ಹಾಗೆ ಅಂದಳು. ಸುಚೇತಾ ದೋಸೆ ಹುಯ್ಯುತ್ತಿದ್ದವಳು ಹಾಗೇ ನಿಂತಳು. ಕಾವಲಿಯ ಮೇಲೆ ದೋಸೆ ಸೀದು ಹೊಗೆ ಎದ್ದರೂ ತೆಗೆಯಲಿಲ್ಲ.

ಅದೇ ದಿನ ನನ್ನನ್ನು ಮೊಳೆಯಿಂದ ಇಳಿಸಿದರು. ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ ಹಂಸಿನಿ ತಲೆ ಎತ್ತಿ ನೋಡಿ, ಮತ್ತೆ ಬಗ್ಗಿ ಇನ್ನೊಂದು ಶೂ ಹಾಕಿಕೊಂಡಳು.

ಈಗ ನಾನು ಅಡುಗೆಮನೆಯ ಕಟ್ಟೆಯ ಕೆಳಗಿದ್ದೇನೆ. ನನ್ನಲ್ಲಿ ಬೆಳ್ಳುಳ್ಳಿ ತುಂಬಿದ್ದಾರೆ. ಹಗುರ. ಬೆಳ್ಳುಳ್ಳಿ ಮುಗಿದರೆ ಮತ್ತೆ ತರುತ್ತಾರೆ, ಅದಕ್ಕಾಗಿ ಯಾರೂ ಗೇಟಿನ ಮೆಟ್ಟಿಲ ಮೇಲೆ ಕೂರಬೇಕಾಗಿಲ್ಲ. ಜಯಶೀಲಮ್ಮ ನನಗೆ ಗಟ್ಟಿ ಹೊಲಿಗೆ ಹಾಕಿದ್ದಾಳೆ, ಇನ್ನೂ ಹತ್ತು ವರ್ಷ ಬಾಳುತ್ತೇನೆ ಅಂತ ಕಾಣುತ್ತದೆ. ಹರಿದುಹೋಗಿದ್ದರೆ ಚೆನ್ನಾಗಿತ್ತು. ತನ್ನೊಬ್ಬಳಿಗೆ ಸಾಕಾಗುವಷ್ಟೇ ಕೇಳುವುದನ್ನು ಆ ಮಗು ಇಷ್ಟು ಬೇಗ ಕಲಿಯಬಾರದಿತ್ತು. ಅವಳಿಗಿನ್ನೂ ಐದೇ ವರ್ಷ.