ನಾಲ್ಕು ಮಡಿಕೆಯ ಟವೆಲು

ಕಿಟಕಿ ಪಕ್ಕದ ಸೀಟಿನ ಮೇಲೆ ಒಂದು ಟವೆಲು ಬಿದ್ದಿತ್ತು. ಮಾರ್ತಾ ಅದನ್ನು ಎತ್ತಿ, ಕೊಡವಿ, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದು ಕುಳಿತಳು. ಊರಲ್ಲೇ ಅಷ್ಟಿಷ್ಟು ಕನ್ನಡ ಕಲಿತುಕೊಂಡು ಪೋಲೆಂಡಿನಿಂದ ಬಂದು, ಅರಸೀಕೆರೆಯಲ್ಲಿ ಬಾಡಿಗೆ ಕೋಣೆ ಹಿಡಿದು ಅವಳಿಗೆ ಎರಡು ವಾರವಾಗಿತ್ತು. ದಿನಾ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ, ಹಳೇಬೀಡಿನ ದೇವಸ್ಥಾನದ ಗೋಡೆಯ ಆನೆಗಳನ್ನು ಕಾಗದಕ್ಕೆ ಇಳಿಸಿ ಬರುವುದು ಅವಳ ಕೆಲಸ. ಬಸ್ಸಿನ ಹೆಂಗಸರೆಲ್ಲ ಆಧಾರ್ ಕಾರ್ಡ್ ತೋರಿಸಿ ಬಿಟ್ಟಿ ಹೋಗುತ್ತಿದ್ದರು. ಟಿಕೆಟ್ಟಿಗೆ ದುಡ್ಡು ಕೊಡುವವಳು ಅವಳೊಬ್ಬಳೇ.

ಜನರ ನಡುವೆ ನುಸುಳಿಕೊಂಡು, ಎಡಗಾಲು ಎಳೆದು ಹಾಕುತ್ತ ಗುರುಸಿದ್ದಮ್ಮ ಬಂದರು. ಅರವತ್ತು ದಾಟಿದ ಹೆಂಗಸು. ಅವರ ಕಣ್ಣು ಟವೆಲಿನ ಮೇಲೆ ಬಿದ್ದದ್ದೇ ಮಾರ್ತಾ ಅದನ್ನು ನೀಡಿದಳು.

"ನಿಮ್ಮದಾ ಅಜ್ಜಿ? ಬಿದ್ದಿತ್ತು. ತಗೊಳ್ಳಿ."

ಗುರುಸಿದ್ದಮ್ಮ ಟವೆಲನ್ನೂ ಅವಳನ್ನೂ ಒಂದು ಸಲ ನೋಡಿದರು. "ಇರ್ಲಿ, ಕೂತ್ಕಳವ್ವ. ದೂರದಿಂದ ಬಂದವ್ಳು," ಎಂದವರು ಜಾವಗಲ್ಲಿನವರೆಗೂ ಕಂಬಿ ಹಿಡಿದು ನಿಂತೇ ಹೋದರು. ಪರದೇಶದವಳೆಂದು ಅಕ್ಕಪಕ್ಕದವರೂ ಬಾಯಿ ಬಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದೆನೆಂದು ಮಾರ್ತಾಳಿಗೆ ಹಳೇಬೀಡು ಬರುವವರೆಗೂ ಖುಷಿಯೋ ಖುಷಿ.

ಜೊತೆಗೆ ಕೆಲಸ ಮಾಡುವ ದಿವ್ಯಾ ಜಾವಗಲ್ಲಿನವಳು. ಕಥೆ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಅದು ಬಿದ್ದಿದ್ದಲ್ಲ ಮಾರ್ತಾ. ಕಿಟಕಿಯಿಂದ ಟವೆಲ್ ಹಾಕಿದ್ರೆ ಸೀಟು ಹಿಡಿದ ಹಾಗೆ. ಆ ಅಜ್ಜಿ ನಮ್ಮ ಬೀದಿಗೇ ಬರೋದು, ಅವ್ರ ತಂಗಿ ಮೊಮ್ಮಗೂಗೆ ದಿನಾ ನೀರು ಹಾಕೋಕೆ. ಕಾಲು ನೀಡಿ, ಕಾಲ್ ಮೇಲೇ ಮಗು ಮಲಗಿಸ್ಕೊಂಡು ಸ್ನಾನ ಮಾಡಿಸ್ಬೇಕು. ಮಂಡಿ ನೋವು ಬೇರೆ ಅವ್ರಿಗೆ."

ಮಾರ್ತಾಳಿಗೆ ತಲೆ ಎತ್ತಲಾರದಷ್ಟು ನಾಚಿಕೆಯಾಯಿತು. ಆ ದಿನ ಒಂದು ಆನೆಯ ಕಾಲನ್ನು ಮೂರು ಸಲ ಅಳಿಸಿದಳು.

ಮರುದಿನ ಬಸ್ಸು ನಿಲ್ಲುವ ಮೊದಲೇ ಓಡಿ ದುಪಟ್ಟಾವನ್ನು ಕಿಟಕಿಯೊಳಗೆ ತೂರಿಸಿದಳು. ಗುರುಸಿದ್ದಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. "ಮಂಡಿ ಊದ್ಕೊಂಡು ಮಲಗಿದಾರಂತೆ. ಬೇರೆಯವ್ರು ನೀರು ಹಾಕಿದ್ರೆ ಮಗು ಕಿರುಚಿ ಬೀದಿ ಒಂದು ಮಾಡ್ತಿದೆ," ಎಂದು ದಿವ್ಯಾ ಸುದ್ದಿ ತಂದಳು. ಇದೆಲ್ಲ ತನ್ನಿಂದಲೇ ಎಂದು ಮಾರ್ತಾಳಿಗೆ ಊಟ ಸೇರಲಿಲ್ಲ. ಆದರೂ ದಿನಾ ಸೀಟು ಹಿಡಿಯುವುದನ್ನು ಬಿಡಲಿಲ್ಲ.

"ಯಾರೂ ಇಲ್ವಲ್ಲ ಮೇಡಂ," ಎಂದು ಒಬ್ಬ ಜಗಳಕ್ಕೇ ಬಂದ.

"ಜನ ಇದ್ದಾರೆ."

"ಎಲ್ಲವ್ರೆ?"

"ಬರ್ತಾರೆ," ಎಂದಳು. ಬಸ್ಸು ಹೊರಟ ಮೇಲೆ ಸೋತು ದುಪಟ್ಟಾ ಎತ್ತಿಕೊಂಡು ಅವನಿಗೇ ಸೀಟು ಬಿಟ್ಟುಕೊಟ್ಟಳು.

ಆರನೆಯ ದಿನ, ಡ್ರೈವರ್ ಇಂಜಿನ್ ಶುರು ಮಾಡಿದ ಮೇಲೆ, ಮಂಡಿಗೆ ಬಟ್ಟೆ ಸುತ್ತಿಕೊಂಡ ಗುರುಸಿದ್ದಮ್ಮ ಮೆಲ್ಲಗೆ ಹತ್ತಿದರು. ಬಾಯಿಪಾಠ ಮಾಡಿಟ್ಟುಕೊಂಡಿದ್ದ ಕ್ಷಮೆಯ ಮಾತೆಲ್ಲ ಮಾರ್ತಾಳಿಗೆ ಮರೆತೇಹೋಯಿತು.

"ಅಜ್ಜಿ, ಸೀಟು," ಎಂದಷ್ಟೇ ಹೇಳಿದಳು.

ಗುರುಸಿದ್ದಮ್ಮ ಸೀಟಿನ ಮೇಲಿದ್ದ ದುಪಟ್ಟಾ ನೋಡಿದರು. ಅದನ್ನು ಎತ್ತಿ, ಕೊಡವಿ, ಸಾವಕಾಶವಾಗಿ ನಾಲ್ಕು ಮಡಿಕೆ ಮಾಡಿ ಅವಳ ಕೈಗಿಟ್ಟರು.

"ನಿಂದೇನವ್ವ? ಬಿದ್ದಿತ್ತು. ತಗ."

ಹಿಂದಿನ ಸೀಟಿನವರು ಮೊದಲು ನಕ್ಕರು. ಮಾರ್ತಾಳೂ ನಕ್ಕಳು, ನಗುತ್ತಲೇ ಅದೇ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡಳು. ಗುರುಸಿದ್ದಮ್ಮ ಕುಳಿತು, ಎಡಗಾಲನ್ನು ಮುಂದಿನ ಸೀಟಿನ ಕೆಳಗೆ ನೀಡಿದರು. ಆಮೇಲೆ ಕೇಳದೆಯೇ, ಪಕ್ಕದಲ್ಲಿ ನಿಂತಿದ್ದ ಮಾರ್ತಾಳ ಹೆಗಲಿನ ಚೀಲವನ್ನು ಎಳೆದು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮೇಲೊಂದು ಕೈ ಇಟ್ಟುಕೊಂಡರು.