ಫಳಫಳ ಹೊಳೆಯುವ ಅಲಾರಂ

ಗಂಡನ ಫೋಟೋದ ಗಾಜಿಗೆ ಪಾಲಿಶ್ ಸ್ಪ್ರೇ ಹೊಡೆದು ತಿಕ್ಕುತ್ತಿದ್ದವಳು ಬಾಗಿಲಲ್ಲಿ ನಿಂತ ಮೆಕ್ಯಾನಿಕ್‌ನನ್ನು ಕಂಡು ಕೈ ತಡೆದಳು.

"ಬಾಪ್ಪ. ಗಾಡಿ ಇನ್ನೇನು ಬರುತ್ತೆ, ನಿಮ್ಮಣ್ಣನ ಮುಖ ನೋಡು."

ನಡುಮನೆಯಲ್ಲಿ ಅವಳ ಗಂಡನ, ಕಾರ್ಖಾನೆಯವರೆಲ್ಲ ಪಾಲಿಶ್ ಅಣ್ಣ ಎನ್ನುತ್ತಿದ್ದವನ, ಹೆಣವಿತ್ತು. ಕಾರ್ಖಾನೆಯ ನೆಲಮಾಳಿಗೆಯ ಗ್ಯಾಸ್ ಕೋಣೆ ಕಾಯುವವನು. ನಿನ್ನೆ ಅಲ್ಲೇ, ಸೋರಿದ ಗ್ಯಾಸಿನಲ್ಲಿ ಉಸಿರುಕಟ್ಟಿ ಸತ್ತಿದ್ದ.

"ಡ್ಯೂಟೀಲಿ ನಿದ್ದೆ ಹೊಡೆದಿರ್ತಾನೆ," ಎಂದ ಸತ್ತವನ ಒಡಹುಟ್ಟಿದ ಅಣ್ಣ, ಯಾರಿಗೂ ಹೇಳದವನಂತೆ. "ಇಲ್ಲಾಂದ್ರೆ ಅಲಾರಂ ಕೇಳಿಸ್ತಿರಲಿಲ್ವಾ?"

ಅವಳು ಮೆಕ್ಯಾನಿಕ್ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ಇದೇ ಮಾತು. ನೀನೇ ಹೇಳಪ್ಪ, ನಿದ್ದೆ ಮಾಡ್ತಿದ್ರಾ ಅವರು?"

*

ಹಿಂದಿನ ಸಂಜೆ, ಹೆಣ ಹೊರಗೆ ತಂದ ಮೇಲೆ, ಮೆಕ್ಯಾನಿಕ್ ಆ ಅಲಾರಂ ಬಿಚ್ಚಿ ನೋಡಿದ್ದ. ಹಸಿರು ದೀಪವೇನೋ ಉರಿಯುತ್ತಿತ್ತು. ಗ್ಯಾಸ್ ಹಿಡಿದರೆ ಮಾತ್ರ ಸದ್ದಿಲ್ಲ. ಅದರೊಳಗೆ ಸಾಸಿವೆ ಕಾಳಿನಷ್ಟು ಲೋಹ. ಸೋರಿದ ಗ್ಯಾಸ್ ಅದರ ಮೇಲೆ ಕೂತು ಉರಿಯಬೇಕು, ಆ ಬಿಸಿಗೆ ಗಂಟೆ ಹೊಡೆಯಬೇಕು. ಅಷ್ಟನ್ನು ನಂಬಿ ಒಬ್ಬ ಮನುಷ್ಯನ ಪ್ರಾಣ ಒಪ್ಪಿಸಿದ್ದರು. ಆದರೆ ಪಾಲಿಶ್‌ನ ಆವಿ ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ ಮೊದಲೇ ಜಾಗ ಹಿಡಿದು ಕೂತಿತ್ತು. ಏಳುವ ಜಾತಿಯದಲ್ಲ ಅದು. ಗ್ಯಾಸಿಗೆ ಕೂರಲು ಎಡೆಯೇ ಇರಲಿಲ್ಲ.

ಪಾಲಿಶ್ ಅಣ್ಣ ದಿನಾ ಟೀಗೆ ಮುಂಚೆ ಅಲಾರಮ್ಮಿಗೆ ಸ್ಪ್ರೇ ಹೊಡೆದು ಉಜ್ಜುತ್ತಿದ್ದ.

"ಅಣ್ಣ, ಇದರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು," ಎಂದು ಮೆಕ್ಯಾನಿಕ್ಕೇ ಒಮ್ಮೆ ರೇಗಿಸಿದ್ದ.

"ನಿಮ್ಮಕ್ಕ ತಂದ್ಕೊಟ್ಟಿದ್ದು ಕಣೋ ಈ ಡಬ್ಬಿ. ಮನೇಲಿ ಅವಳ ಕಪಾಟು, ಇಲ್ಲಿ ನನ್ನ ಅಲಾರಂ, ಎರಡೂ ಫಳಫಳ ಅನ್ಬೇಕು."

ಇಬ್ಬರೂ ನಕ್ಕಿದ್ದರು.

*

"ನಿದ್ದೆ ಮಾಡಿರಲಿಲ್ಲ ಅಕ್ಕ. ಅಲಾರಂ ಹೊಡೀಲೇ ಇಲ್ಲ."

ಒಡಹುಟ್ಟಿದವನು ತಲೆ ತಗ್ಗಿಸಿದ. ಅವಳಿಗೆ ಈಗ ಅಳು ಬಂತು.

"ಯಾಕೆ ಹೊಡೀಲಿಲ್ಲ? ಮಗು ಥರ ನೋಡ್ಕೋತಿದ್ರಲ್ಲ ಅದನ್ನ?"

ಮೆಕ್ಯಾನಿಕ್ ಅವಳ ಕೈಯಲ್ಲಿದ್ದ ಡಬ್ಬಿಯನ್ನೇ ನೋಡಿದ. ಹೇಳಿದರೆ ಇವಳು ಬದುಕಿರುವಷ್ಟು ದಿನವೂ ಸಾಯುತ್ತಾಳೆ. ಹೇಳಿದ ಮಾತ್ರಕ್ಕೆ ಅಣ್ಣ ಎದ್ದು ಬರುತ್ತಾನೆಯೇ?

"ಅದು... ಹಳೇದಾಗಿತ್ತು ಅಕ್ಕ."

"ಹೊಸದು ಹಾಕ್ತೀರಾ?"

"ನಾಳೇನೇ ಹಾಕ್ತೀನಿ."

ಹೊರಗೆ ಗಾಡಿ ಬಂತು. ಹೆಣ ಎತ್ತಲು ಜನ ಎದ್ದರು. ಅವಳು ಸೆರಗಿನಿಂದ ಡಬ್ಬಿ ಒರೆಸಿ ಅವನ ಅಂಗೈಗಿಟ್ಟಳು.

"ಇನ್ನು ಅಲ್ಲಿ ಒರೆಸೋರು ಯಾರಿದ್ದಾರೆ? ನೀನೇ ದಿನಾ ಒರೆಸಪ್ಪ. ಅವರು ಇಟ್ಕೊಂಡಿದ್ದ ಹಾಗೇ ಇರಲಿ."

"ಆಯ್ತು ಅಕ್ಕ."

ಈ ಕಡೆಗೊಬ್ಬರು ಬೇಕು ಎಂದು ಯಾರೋ ಕರೆದರು. ಡಬ್ಬಿ ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ ಅವನು ಹೆಗಲು ಕೊಟ್ಟ.